ರಹೀಮ್ ಮಾಸ್ತರು: ನಮ್ಮ ಹಳೇ ರಾಜ್ಯದ ಫುಟ್‌ಬಾಲ್ ಕೋಚ್

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದ ನಮಗೆಲ್ಲ ಸೀಟ್ ಕೌನ್ಸೆಲಿಂಗ್ ಟೈಮಲ್ಲಿ 371ಜೆ ಸರ್ಟಿಫಿಕೇಟ್ ಬೇಕಾಗಿತ್ತು. 2019ರಲ್ಲಿ ನಮ್ಮ ಭಾಗದ ಹೆಸರು ಕಲ್ಯಾಣ ಕರ್ನಾಟಕ ಅಂತ ಬದಲಾಯ್ತು, ಆದ್ರೂ ಊರಲ್ಲಿ ಅದನ್ನ ಎಚ್‌ಕೆ ಸರ್ಟಿಫಿಕೇಟ್ ಅಂತಾನೇ ಕರೀತಾರೆ. ಎಚ್ ಅಂದ್ರೆ ಹೈದರಾಬಾದ್. ಆ ಅಕ್ಷರ ಕೇಳಿದ ಕೂಡ್ಲೇ ನಮ್ಮ ತಲೆಗೆ ಬರೋದು ಹಿಂದುಳಿದ ಪ್ರದೇಶ, ಬಿಸಿಲು, ನೀರಿನ ತೊಂದರೆ, ಮೀಸಲಾತಿ, ಇಷ್ಟೇ. ಆದರೆ ಅದೇ ಹೈದರಾಬಾದ್ ರಾಜ್ಯ ಒಂದು ಕಾಲದಲ್ಲಿ ಒಂದು ವಿಷಯದಲ್ಲಿ ಇಡೀ ದೇಶಕ್ಕೇ ಮುಂದಿತ್ತು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ವಿಷಯ ಫುಟ್‌ಬಾಲ್. ಅದರ ಹಿಂದೆ ಇದ್ದವರು ಒಬ್ಬ ಸ್ಕೂಲ್ ಮಾಸ್ತರು, ಸೈಯದ್ ಅಬ್ದುಲ್ ರಹೀಮ್. ಎಲ್ಲರ ಬಾಯಲ್ಲಿ ರಹೀಮ್ ಸಾಬ್.

2024ರಲ್ಲಿ ಅಜಯ್ ದೇವಗನ್ ಮಾಡಿದ 'ಮೈದಾನ್' ಸಿನಿಮಾ ಇವರ ಬಗ್ಗೆಯೇ. ನೋಡಿದವರಿಗೆ ಕಥೆಯ ಕೊನೆ ಗೊತ್ತಿರುತ್ತೆ. ಆದರೆ ಸಿನಿಮಾದಲ್ಲಿ ಹೀರೋ ಬೇಕು, ವಿಲನ್ ಬೇಕು, ಕೊನೆಗೆ ಒಂದು ಮ್ಯಾಚ್ ಬೇಕು. ನನಗೆ ಮ್ಯಾಚ್‌ಗಿಂತ ಹೆಚ್ಚು ಹಿಡಿಸಿದ್ದು ಅವರು ಕೆಲಸ ಮಾಡ್ತಿದ್ದ ರೀತಿ. ಎಂಜಿನಿಯರಿಂಗ್ ಓದೋ ನಮಗೆ ಅದು ಬೇಗ ಅರ್ಥ ಆಗುತ್ತೆ ಅನ್ಸುತ್ತೆ. ಇಲ್ಲದ್ದರ ಬಗ್ಗೆ ಕೊರಗೋದಕ್ಕೆ ಮುಂಚೆ ಇರೋದನ್ನ ಸರಿಯಾಗಿ ಎಣಿಸೋ ಮನುಷ್ಯ ಅವರು.

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ನಿಜಾಮರ ಆಳ್ವಿಕೆ. ಕಲಬುರಗಿ, ರಾಯಚೂರು, ಬೀದರ ಎಲ್ಲ ಅದೇ ರಾಜ್ಯದ ಜಿಲ್ಲೆಗಳು. ನಮ್ಮ ಮನೆಗಳಲ್ಲಿ ಮುತ್ಯಾನ ಕಾಲದವರು ಉರ್ದುದಲ್ಲಿ ಶಾಲೆ ಕಲಿತಿರೋದು, ಕನ್ನಡ ಮಾತಾಡ್ತಾ ಮಾತಾಡ್ತಾ ಮಧ್ಯೆ ಉರ್ದು ಪದ ಹಾಕೋದು ಇದೇ ಕಾರಣಕ್ಕೆ. ರಹೀಮ್ ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಟೀಮ್‌ಗೂ ಆಡಿದರು. ಆಮೇಲೆ ಸ್ಥಳೀಯ ಲೀಗ್‌ನ ಒಳ್ಳೆಯ ಕ್ಲಬ್ ಆಗಿದ್ದ ಖಮರ್ ಕ್ಲಬ್‌ಗೂ ಆಡಿದರು. ಆದರೆ ಹೊಟ್ಟೆಪಾಡಿಗೆ ಅವರು ಮಾಡಿದ್ದು ಮಾಸ್ತರಿಕೆ. ಕಾಚಿಗುಡ ಮಿಡ್ಲ್ ಸ್ಕೂಲ್, ಆಮೇಲೆ ದಾರುಲ್ ಉಲೂಮ್ ಹೈಸ್ಕೂಲ್, ಚಾದರ್‌ಘಾಟ್ ಹೈಸ್ಕೂಲ್. ಮಧ್ಯೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡು ಶಾಲೆಯ ಆಟೋಟದ ಜವಾಬ್ದಾರಿ ತಗೊಂಡರು.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಅಸೋಸಿಯೇಶನ್‌ನ ಕಾರ್ಯದರ್ಶಿ ಆದರು. ಕಾರ್ಯದರ್ಶಿ ಅಂದ್ರೆ ನಮಗೆ ತಿಳಿಯೋದು ಮೀಟಿಂಗ್, ಲೆಟರ್‌ಹೆಡ್, ಹಾರ. ಇವರು ಆ ಕುರ್ಚಿಯನ್ನ ಲ್ಯಾಬ್ ಮಾಡಿಕೊಂಡರು.

ಆ ಲ್ಯಾಬ್‌ನ ಎರಡು ಪ್ರಯೋಗ ಕೇಳಿ. ಮೊದಲನೇದು, ಡ್ರಿಬ್ಲಿಂಗ್ ಇಲ್ಲದ ಟೂರ್ನಮೆಂಟ್. ಚೆಂಡು ಕಾಲಿಗೆ ಬಂತು ಅಂದ್ರೆ ಅದನ್ನ ಇಟ್ಕೊಂಡು ಮೂರು ಜನರನ್ನ ಯಾಮಾರಿಸೋ ಹಾಗಿಲ್ಲ, ಪಾಸ್ ಕೊಡಲೇಬೇಕು. ಎರಡನೇದು, ದುರ್ಬಲ ಕಾಲಿನ ಟೂರ್ನಮೆಂಟ್. ಬಲಗಾಲಿನವರು ಎಡಗಾಲಲ್ಲೇ ಆಡಬೇಕು, ಎಡಗಾಲಿನವರು ಬಲಗಾಲಲ್ಲಿ. ಹುಡುಗರಿಗೆ ಇದು ಮೊದಮೊದಲು ಶಿಕ್ಷೆ ಥರ ಕಂಡಿರಬೇಕು. ಆದರೆ ಲೆಕ್ಕ ಸರಳ ಇದೆ. ಒಂದೇ ಕಾಲಿನ ಆಟಗಾರ ಯಾವ ಕಡೆ ತಿರುಗ್ತಾನೆ ಅಂತ ಎದುರಾಳಿಗೆ ಮೊದಲೇ ಗೊತ್ತಿರುತ್ತೆ. ಎರಡೂ ಕಾಲು ಬಂದ್ರೆ ಎದುರಾಳಿ ಅರ್ಧ ಸೆಕೆಂಡ್ ಯೋಚನೆ ಮಾಡಬೇಕಾಗುತ್ತೆ. ಆ ಅರ್ಧ ಸೆಕೆಂಡ್ ಸಾಕು.

ಪಾಸ್‌ದೂ ಅದೇ ಲೆಕ್ಕ. ನಮ್ಮ ಹುಡುಗರು ಯುರೋಪಿನವರಷ್ಟು ಎತ್ತರ ಇಲ್ಲ, ತೂಕ ಇಲ್ಲ. ಮೈಗೆ ಮೈ ಹಚ್ಚಿ ಆಡಿದ್ರೆ ಸೋಲು ಖಾತ್ರಿ. ಆದರೆ ಚೆಂಡು ಯಾವ ಮನುಷ್ಯನಿಗಿಂತಲೂ ಜೋರಾಗಿ ಓಡುತ್ತೆ. ಚೆಂಡನ್ನೇ ಓಡಿಸಿದರೆ ಎದುರಾಳಿಯ ಮೈಕಟ್ಟು ಅಷ್ಟಾಗಿ ಲೆಕ್ಕಕ್ಕೆ ಬರಲ್ಲ. ನಾವು ಇವತ್ತು ಮೊಬೈಲ್ ಗೇಮ್‌ನಲ್ಲಿ ಆಟಗಾರನ ಪಾಸಿಂಗ್ 88, ವೀಕ್ ಫೂಟ್ ನಾಲ್ಕು ಸ್ಟಾರ್ ಅಂತೆಲ್ಲ ನೋಡಿ ಟೀಮ್ ಕಟ್ತೀವಲ್ಲ, ಅಲ್ಲಿ ಆ ನಂಬರ್ ಮೊದಲೇ ಬರೆದಿರುತ್ತೆ. ರಹೀಮ್ ಸಾಬ್ ಆ ನಂಬರನ್ನೇ ಬೆಳೆಸೋ ಕೆಲಸಕ್ಕೆ ಕೈ ಹಾಕಿದ್ದರು, ಮಣ್ಣಿನ ಮೈದಾನದಲ್ಲಿ.

ಫಲ ಸಿಗೋಕೆ ಬಹಳ ವರ್ಷ ಬೇಕಾಗಲಿಲ್ಲ. 1950ರಿಂದ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್. ಅದೇ ವರ್ಷ ಆ ತಂಡ ಕಲಕತ್ತೆಯ ಮೋಹನ್ ಬಗಾನನ್ನ ಸೋಲಿಸಿ ಡ್ಯುರಾಂಡ್ ಕಪ್ ತಗೊಂಡಿತು. ಮುಂಬೈನ ರೋವರ್ಸ್ ಕಪ್ ಅಂತೂ 1950ರಿಂದ 1954ರವರೆಗೆ ಸತತ ಐದು ವರ್ಷ ಅವರದ್ದೇ. ಆಗ ಭಾರತದ ಫುಟ್‌ಬಾಲ್ ಅಂದ್ರೆ ಕಲಕತ್ತಾ ಅಂತ ಎಲ್ಲರೂ ನಂಬಿದ್ದ ಕಾಲ. ದಖ್ಖನ್ ಕಡೆಯ ಪೊಲೀಸ್ ಟೀಮ್ ಒಂದು ಆ ನಂಬಿಕೆಯನ್ನ ಅಲ್ಲಾಡಿಸಿತು.

ದೇಶದ ತಂಡವೂ ಅವರ ಕೈಗೆ ಬಂತು. 1951ರಲ್ಲಿ ಮೊದಲ ಏಷ್ಯನ್ ಗೇಮ್ಸ್ ದೆಹಲಿಯಲ್ಲಿ ನಡೀತು. ಫೈನಲ್‌ನಲ್ಲಿ ಇರಾನ್ ವಿರುದ್ಧ 1-0, ಗೋಲು ಮೇವಾಲಾಲ್‌ದು. ಚಿನ್ನ ಬಂತು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷ ಕೂಡ ತುಂಬಿರಲಿಲ್ಲ, ಆಗಲೇ ಏಷ್ಯಾದ ಚಾಂಪಿಯನ್.

ಇಲ್ಲಿಗೆ ನಿಂತಿದ್ರೆ ಇದು ಬರೀ ಗೆಲುವಿನ ಕಥೆ ಆಗ್ತಿತ್ತು. ಮುಂದಿನ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಯುಗೊಸ್ಲಾವಿಯಾ ವಿರುದ್ಧ ಭಾರತ 1-10ರಿಂದ ಸೋತಿತು. ಹೌದು, ಹತ್ತು ಗೋಲು. ಆ ಒಂದೇ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್, ಅದೂ ಆಟ ಮುಗಿಯೋ ಹೊತ್ತಿಗೆ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡ್ತಿದ್ದರು. ನಮ್ಮ ಒಣ ಮೈದಾನದಲ್ಲಿ ಬರಿಗಾಲು ಚೆಂಡಿನ ಮೇಲೆ ಒಳ್ಳೆ ಹಿಡಿತ ಕೊಡುತ್ತೆ. ಆದರೆ ಫಿನ್‌ಲೆಂಡಿನ ಚಳಿಯಲ್ಲಿ, ತೇವದ ಹುಲ್ಲಿನ ಮೇಲೆ, ಬೂಟು ಹಾಕಿದ ದೊಡ್ಡಾಳುಗಳ ಮುಂದೆ ಆ ಹಿಡಿತ ಕೆಲಸಕ್ಕೆ ಬರಲಿಲ್ಲ. ಊರಲ್ಲಿ ವರವಾಗಿದ್ದದ್ದೇ ಅಲ್ಲಿ ಕೊರತೆ ಆಯ್ತು.

ಇಂಥ ಸೋಲು ಬಂದಾಗ ಎರಡು ದಾರಿ. ಚಳಿ, ಬೂಟು, ಅದೃಷ್ಟ ಅಂತ ಹೇಳಿ ಮರೆಯೋದು ಒಂದು. ಯಾವ ಭಾಗ ಫೇಲ್ ಆಯ್ತು ಅಂತ ಬಿಚ್ಚಿ ನೋಡೋದು ಇನ್ನೊಂದು. ಹೆಲ್ಸಿಂಕಿ ನಂತರ ಬೂಟು ಕಡ್ಡಾಯ ಆಯ್ತು. ರಹೀಮ್ ಸಾಬ್ ಅಷ್ಟಕ್ಕೇ ಬಿಡದೆ ತಂಡದ ಜೋಡಣೆಯನ್ನೇ ಬದಲಾಯಿಸೋಕೆ ಹೊರಟರು. ಹಳೇ ಪದ್ಧತಿಯಲ್ಲಿ ಹಿಂದೆ ಇಬ್ಬರೇ ಡಿಫೆಂಡರ್, ನಡುವೆ ಮೂವರು, ಮುಂದೆ ಐವರು. ಮುಂದಿನ ಐವರು ಸಾಲಾಗಿ ನಿಂತು ಚೆಂಡಿಗಾಗಿ ಕಾಯ್ತಿದ್ದರೆ ಹಿಂದಿನ ಇಬ್ಬರ ಮೇಲೆ ಎಲ್ಲಾ ಲೋಡ್ ಬೀಳುತ್ತೆ. ಅದೇ ಹೊತ್ತಿಗೆ ಯುರೋಪಿನಲ್ಲಿ ಹಂಗೇರಿಯವರು ಒಂದು ಹೊಸ ವಿದ್ಯೆ ತೋರಿಸಿದ್ದರು. ನಡುವಿನ ಫಾರ್ವರ್ಡ್ ಮುಂದೆ ನಿಲ್ಲೋ ಬದಲು ಹಿಂದಕ್ಕೆ ಇಳಿದು ಆಡೋದು. ಅವನನ್ನ ಕಾಯಬೇಕಾದ ಡಿಫೆಂಡರ್‌ಗೆ ಗೊಂದಲ: ಹಿಂದೆ ಹೋದ್ರೆ ಜಾಗ ಖಾಲಿ, ಹೋಗದಿದ್ರೆ ಆಳು ಖಾಲಿ. 1953ರಲ್ಲಿ ಹಂಗೇರಿ ಇದೇ ಉಪಾಯದಿಂದ ಇಂಗ್ಲೆಂಡನ್ನ ಅವರದೇ ವೆಂಬ್ಲಿಯಲ್ಲಿ 6-3ರಿಂದ ಸೋಲಿಸಿತ್ತು. ಯೂಟ್ಯೂಬ್ ಇಲ್ಲದ, ಟಿವಿ ಇಲ್ಲದ ಹೈದರಾಬಾದಿನಲ್ಲಿದ್ದ ಮಾಸ್ತರು ಈ ಉಪಾಯವನ್ನ ತಮ್ಮ ತಂಡಕ್ಕೆ ಒಗ್ಗಿಸಿಕೊಂಡರು. 1958ರಲ್ಲಿ 4-2-4 ಜೋಡಣೆಯಿಂದ ಬ್ರೆಜಿಲ್ ವಿಶ್ವಕಪ್ ಗೆಲ್ಲೋ ಮೊದಲೇ ರಹೀಮ್ ಅಂಥದ್ದನ್ನ ಪ್ರಯೋಗ ಮಾಡಿದ್ದರು ಅಂತ ಫುಟ್‌ಬಾಲ್ ಇತಿಹಾಸ ಬರೆಯೋರು ಹೇಳ್ತಾರೆ.

ಆಟಗಾರರನ್ನ ಹುಡುಕೋದೂ ಅವರ ಕೆಲಸದ ಭಾಗವೇ. ಸಿಕಂದರಾಬಾದಿನ ಅಮ್ಮುಗುಡದ ಬಡ ಮನೆಯ ಹುಡುಗ ತುಳಸೀದಾಸ್ ಬಲರಾಮ್‌ಗೆ ಹೈದರಾಬಾದಿಗೆ ಪ್ರ್ಯಾಕ್ಟೀಸ್‌ಗೆ ಬರೋಕೆ ದುಡ್ಡಿರಲಿಲ್ಲ. ರಹೀಮ್ ಸಾಬ್ ಅವನಿಗೆ ಬಾಡಿಗೆ ಸೈಕಲ್‌ಗೆ ದುಡ್ಡು ಕೊಟ್ಟು ಕರೆಸಿಕೊಂಡರು. ನಮ್ಮ ಊರುಗಳಲ್ಲಿ ಬಸ್ ಪಾಸ್ ಇಲ್ಲ ಅಂತ ಕಾಲೇಜ್ ಬಿಟ್ಟವರನ್ನ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ. ಆ ಸೈಕಲ್ ಹುಡುಗ ಮುಂದೆ ಎರಡು ಒಲಿಂಪಿಕ್ಸ್ ತಂಡದಲ್ಲಿದ್ದ. ರೋಮ್‌ನಲ್ಲಿ ಹಂಗೇರಿ ವಿರುದ್ಧವೂ, ಪೆರು ವಿರುದ್ಧವೂ ಗೋಲು ಹೊಡೆದ.

ಈಗ 1956ಕ್ಕೆ ಬರೋಣ. ಈ ವರ್ಷ ನಮಗೆ ಬೇರೆ ಕಾರಣಕ್ಕೆ ಗೊತ್ತು. ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆ ಆಗಿ ಹೈದರಾಬಾದ್ ರಾಜ್ಯ ಅನ್ನೋದೇ ಇಲ್ಲವಾಯ್ತು. ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ಮರಾಠಿ ಜಿಲ್ಲೆಗಳು ಮುಂಬೈ ರಾಜ್ಯಕ್ಕೆ, ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಇರೋ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮ್ ಅವರ ತಂಡ ಆಸ್ಟ್ರೇಲಿಯಾವನ್ನ ಅವರ ನೆಲದಲ್ಲೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್ ಅದು. ಆ ತಂಡದಲ್ಲಿ ಅಜೀಜುದ್ದೀನ್, ನೂರ್ ಮೊಹಮ್ಮದ್, ಬಲರಾಮ್ ಥರದ ಹೈದರಾಬಾದಿಗಳೂ ಇದ್ದರು, ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಅಂದ್ರೆ ನಮ್ಮ ಹಳೇ ರಾಜ್ಯ, ಹೊಸ ರಾಜ್ಯ ಎರಡೂ ಒಂದೇ ಜರ್ಸಿಯಲ್ಲಿ.

ಸೆಮಿಫೈನಲ್‌ನಲ್ಲಿ ಎದುರಿಗೆ ಬಂದದ್ದು ಮತ್ತೆ ಅದೇ ಯುಗೊಸ್ಲಾವಿಯಾ. ಈ ಸಲ ಮೊದಲ ಗೋಲು ಭಾರತದ್ದು. ಕೆಲವೇ ನಿಮಿಷ ಆದ್ರೂ ನಾವು ಮುಂದಿದ್ದೆವು. ಕೊನೆಗೆ 1-4ರಿಂದ ಸೋತೆವು, ಕಂಚಿನ ಪದಕಕ್ಕಾಗಿ ಬಲ್ಗೇರಿಯಾ ಜೊತೆ ಆಡಿ 0-3ರಿಂದ ಅದನ್ನೂ ಕಳೆದುಕೊಂಡೆವು. ನಾಲ್ಕನೇ ಸ್ಥಾನ. ಪದಕ ಇಲ್ಲ, ಆದರೆ ಅದಕ್ಕಿಂತ ಮೇಲಿನ ಸ್ಥಾನ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಇವತ್ತಿನವರೆಗೂ ಸಿಕ್ಕಿಲ್ಲ. 1-10 ಇಂದ 1-4ಕ್ಕೆ ಬರೋಕೆ ನಾಲ್ಕು ವರ್ಷ ತಗೊಂಡಿತು. ನಮ್ಮ ಬಿಇ ಕೋರ್ಸಿನಷ್ಟೇ ಟೈಮು.

1960ರಲ್ಲಿ ರೋಮ್. ಹಂಗೇರಿ, ಫ್ರಾನ್ಸ್, ಪೆರು ಇದ್ದ ಕಷ್ಟದ ಗ್ರೂಪ್. ಹಂಗೇರಿಗೆ 1-2ರಿಂದ ಸೋತರು, ಫ್ರಾನ್ಸ್ ಜೊತೆ 1-1 ಡ್ರಾ, ಪೆರುಗೆ 1-3ರಿಂದ ಸೋತರು. ಹೊರಬಿದ್ದರು. ಆದರೆ ಯುರೋಪಿನ ಎರಡು ತಂಡಗಳ ಎದುರು ಕೊನೆವರೆಗೂ ನಿಂತು ಆಡಿದ್ದರು. ಈ ತಂಡದಲ್ಲಿ ರಹೀಮ್ ಅವರ ಮಗ ಸೈಯದ್ ಶಾಹಿದ್ ಹಕೀಮ್ ಕೂಡ ಇದ್ದರು. ಆದರೆ ಮೈದಾನಕ್ಕಿಳಿಯೋ ಅವಕಾಶ ಮಗನಿಗೆ ಸಿಗಲಿಲ್ಲ. ಕೋಚ್ ಅಪ್ಪ ಆಗಿದ್ದೂ ಬೆಂಚ್ ಮೇಲೇ ಕೂತ ಮಗ. ಇದನ್ನ ನೀವು ಹೇಗೆ ಬೇಕಾದ್ರೂ ಓದಿಕೊಳ್ಳಬಹುದು. ನನಗಂತೂ ಮಾಸ್ತರು ಲೆಕ್ಕದಲ್ಲಿ ಎಷ್ಟು ನಿಯತ್ತಿನವರು ಅಂತ ಕಾಣಿಸ್ತು.

ಕೊನೆಯದು 1962, ಜಕಾರ್ತಾ ಏಷ್ಯನ್ ಗೇಮ್ಸ್. ಆ ಹೊತ್ತಿಗೆ ರಹೀಮ್ ಸಾಬ್ ಮೈಗೆ ಕ್ಯಾನ್ಸರ್ ಅಂಟಿಕೊಂಡಿತ್ತು. ಅಲ್ಲಿನ ವಾತಾವರಣವೂ ನೆಟ್ಟಗಿರಲಿಲ್ಲ. ಇಸ್ರೇಲ್ ಮತ್ತು ತೈವಾನಿನ ಆಟಗಾರರನ್ನ ಇಂಡೋನೇಷ್ಯಾ ಒಳಗೆ ಬಿಟ್ಟುಕೊಳ್ಳಲಿಲ್ಲ. ಇದನ್ನ ಭಾರತದ ಕ್ರೀಡಾ ಅಧಿಕಾರಿ ಜಿ. ಡಿ. ಸೋಂಧಿ ಬಹಿರಂಗವಾಗಿ ಪ್ರಶ್ನಿಸಿದರು. ಅಲ್ಲಿನ ಜನಕ್ಕೆ ಭಾರತದ ಮೇಲೇ ಸಿಟ್ಟು ಬಂತು. ನಮ್ಮ ರಾಯಭಾರ ಕಚೇರಿ ಮೇಲೆ ದಾಳಿ ಆಯ್ತು. ಮೈದಾನದಲ್ಲಿ ನಮ್ಮ ಹುಡುಗರು ಕಂಡ್ರೆ ಸಾಕು, ಕೂಗು ಏಳ್ತಿತ್ತು.

ಆಟವೂ ಸೋಲಿನಿಂದ ಶುರು, ದಕ್ಷಿಣ ಕೊರಿಯಾ ವಿರುದ್ಧ 0-2. ಆಮೇಲೆ ಥಾಯ್ಲೆಂಡ್ ಮೇಲೆ 4-1, ಜಪಾನ್ ಮೇಲೆ 2-0. ಆದರೆ ಥಾಯ್ಲೆಂಡ್ ಮ್ಯಾಚ್‌ನಲ್ಲಿ ತಂಡದ ಗೋಡೆಯಂತಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ಗೆ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಡಿಫೆಂಡರ್ ಕೆಲಸ ಏನು? ಎತ್ತರದಿಂದ ಬರೋ ಚೆಂಡನ್ನ ಪದೇಪದೇ ತಲೆಯಿಂದ ಹೊಡೆದು ಆಚೆ ಕಳಿಸೋದು. ಹೊಲಿಗೆ ಹಾಕಿದ ತಲೆಯಿಂದ ಅದು ಆಗದ ಮಾತು. ಬೇರೆ ಕೋಚ್ ಆಗಿದ್ರೆ ಅವರನ್ನ ಕೂರಿಸ್ತಿದ್ದರು. ರಹೀಮ್ ಸಾಬ್ ಬೇರೆ ಥರ ಎಣಿಸಿದರು. ಜರ್ನೈಲ್ ಹಿಂದೊಮ್ಮೆ ಫಾರ್ವರ್ಡ್ ಆಗಿ ಆಡಿದವರು. ಗಾಯ ಆಗಿದ್ದು ತಲೆಗೆ, ಕಾಲಿಗಲ್ಲ. ಮುಂದೆ ನಿಲ್ಲಿಸಿದರೆ ಯಾವ ಚೆಂಡಿಗೆ ತಲೆ ಕೊಡಬೇಕು, ಯಾವುದಕ್ಕೆ ಬೇಡ ಅಂತ ಅವರೇ ಆರಿಸಿಕೊಳ್ಳಬಹುದು. ಎದುರಾಳಿಯ ಡಿಫೆಂಡರ್‌ಗಳಿಗೆ ಆ ಗಟ್ಟಿ ಆಳನ್ನ ಕಾಯೋದೇ ಒಂದು ಕೆಲಸ ಆಗುತ್ತೆ. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ 3-2ರಿಂದ ಗೆದ್ದಾಗ ಒಂದು ಗೋಲು ಜರ್ನೈಲ್ ಅವರದ್ದೇ, ಉಳಿದ ಎರಡು ನಾಯಕ ಚುನಿ ಗೋಸ್ವಾಮಿಯವರದ್ದು.

ಫೈನಲ್‌ಗೆ ಮತ್ತೆ ದಕ್ಷಿಣ ಕೊರಿಯಾ, ಮೊದಲ ಮ್ಯಾಚ್‌ನಲ್ಲಿ ನಮ್ಮನ್ನ ಸೋಲಿಸಿದ್ದ ಅದೇ ತಂಡ. ಫೈನಲ್‌ನ ಹಿಂದಿನ ರಾತ್ರಿ ಯಾರಿಗೂ ನಿದ್ದೆ ಹತ್ತಲಿಲ್ಲ. ಆಟಗಾರರು ಆಮೇಲೆ ನೆನಪಿಸಿಕೊಂಡ ಹಾಗೆ, ರಹೀಮ್ ಸಾಬ್ ಅವರಲ್ಲಿ ಕೇಳಿಕೊಂಡದ್ದು ಒಂದೇ, ನಾಳಿನ ಚಿನ್ನವನ್ನ ತನಗೆ ಉಡುಗೊರೆಯಾಗಿ ಕೊಡಿ ಅಂತ. ಅಷ್ಟು ವರ್ಷ ಕೊಡುತ್ತಲೇ ಬಂದಿದ್ದ ಮಾಸ್ತರು ಶಿಷ್ಯರ ಹತ್ರ ಕೇಳಿದ್ದು ಅದು.

ಸೆಪ್ಟೆಂಬರ್ 4. ಸುಮಾರು ಒಂದು ಲಕ್ಷ ಜನ, ಬಹುತೇಕ ಎಲ್ಲರೂ ನಮ್ಮ ವಿರುದ್ಧ. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಸೆಮಿಫೈನಲ್ ಆಡಿರಲಿಲ್ಲ. ಕೊರಿಯಾದವರ ಎತ್ತರದ ಚೆಂಡಿಗೆ ಎತ್ತರದ ತಂಗರಾಜೇ ಸರಿ ಅಂತ ಅವರನ್ನ ಎಬ್ಬಿಸಿ ನಿಲ್ಲಿಸಿದರು. ತ್ರಿಲೋಕ್ ಸಿಂಗ್ ಕಾಲ್ಬೆರಳಿನ ಗಾಯ ಇಟ್ಟುಕೊಂಡೇ ಇಳಿದರು. 17ನೇ ನಿಮಿಷಕ್ಕೆ ಪಿ. ಕೆ. ಬ್ಯಾನರ್ಜಿ ಗೋಲು. 20ನೇ ನಿಮಿಷಕ್ಕೆ ಜರ್ನೈಲ್ ಸಿಂಗ್ ಗೋಲು. ತಲೆಗೆ ಬ್ಯಾಂಡೇಜ್ ಸುತ್ತಿದ ಡಿಫೆಂಡರ್ ಏಷ್ಯಾದ ಫೈನಲ್‌ನಲ್ಲಿ ಗೋಲು ಹೊಡೆದ. ಕೊರಿಯಾ ಕೊನೆಗೆ ಒಂದು ವಾಪಸ್ ಕೊಟ್ಟಿತು, ಅಷ್ಟೇ. 2-1. ಇಡೀ ಸ್ಟೇಡಿಯಂನಲ್ಲಿ ನಮ್ಮ ಪರ ಕೂಗಿದವರಲ್ಲಿ ಪಾಕಿಸ್ತಾನದ ಹಾಕಿ ತಂಡದವರೂ ಇದ್ದರು.

ಮರುದಿನ ಸೆಪ್ಟೆಂಬರ್ 5, ದೇಶ ಮೊದಲ ಬಾರಿಗೆ ಶಿಕ್ಷಕರ ದಿನ ಆಚರಿಸಿದ ದಿನ. ಯಾರೂ ಪ್ಲಾನ್ ಮಾಡಿದ್ದಲ್ಲ. ಆದರೆ ಒಬ್ಬ ಹೈಸ್ಕೂಲ್ ಮಾಸ್ತರು ಕೊಟ್ಟ ಚಿನ್ನಕ್ಕೆ ಇದಕ್ಕಿಂತ ಒಳ್ಳೆ ಮರುದಿನ ಸಿಗ್ತಿರಲಿಲ್ಲ.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು, ರಹೀಮ್ ಸಾಬ್ ತೀರಿಕೊಂಡರು. ವಯಸ್ಸು 53. ಕೋಚ್‌ಗಳಿಗೆ ಕೊಡೋ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ, ಅವರು ಹೋಗಿ 22 ವರ್ಷದ ಮೇಲೆ. ಅವರ ಕೈಕೆಳಗೆ ಆಡಿದ ಪಿ. ಕೆ. ಬ್ಯಾನರ್ಜಿ ಮುಂದೆ ತಾವೇ ಕೋಚ್ ಆಗಿ 1970ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ತಂದರು. ಆಮೇಲೆ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಪದಕ ಇಲ್ಲ. 1960ರ ರೋಮ್ ನಂತರ ಒಲಿಂಪಿಕ್ಸ್ ಫುಟ್‌ಬಾಲ್‌ಗೆ ನಾವು ಕಾಲಿಟ್ಟೇ ಇಲ್ಲ. ಒಬ್ಬರೇ ಮನುಷ್ಯ ಹೊತ್ತಿದ್ದ ಭಾರವನ್ನ ಅವರು ಹೋದ ಮೇಲೆ ಹತ್ತು ಜನ ಹಂಚಿಕೊಳ್ಳಬೇಕಿತ್ತು, ಹಾಗಾಗಲಿಲ್ಲ. ಜಕಾರ್ತಾ ಚಿನ್ನದ ಬಗ್ಗೆ ಹೆಮ್ಮೆ ಪಡುವಾಗ ಈ ಮಾತನ್ನೂ ಜೊತೆಗೇ ಹೇಳಬೇಕು.

ಬೆಂಚ್ ಮೇಲೆ ಕೂತಿದ್ದ ಆ ಮಗ ಹಕೀಮ್ ಏನಾದರು ಗೊತ್ತಾ? ವಾಯುಪಡೆಯಲ್ಲಿ ಅಧಿಕಾರಿ ಆದರು, ಫಿಫಾ ರೆಫರಿ ಆದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. 2021ರ ಆಗಸ್ಟ್ 22ರಂದು, 82ನೇ ವಯಸ್ಸಿನಲ್ಲಿ, ಅವರು ಕೊನೆಯುಸಿರು ಎಳೆದದ್ದು ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ. ಜೇವರ್ಗಿಯಿಂದ ಕಲಬುರಗಿ ಒಂದು ತಾಸಿನ ಬಸ್ ದಾರಿ. ಅಷ್ಟು ಹತ್ತಿರದಲ್ಲಿತ್ತು ಈ ಕಥೆ.

ನಮ್ಮ ಹಾಸ್ಟೆಲ್‌ಗಳಲ್ಲಿ ನಮ್ಮ ಕಡೆಯ ಹುಡುಗರು ಇಂಗ್ಲಿಷ್ ಸರಿ ಬರಲ್ಲ, ಕೋಡಿಂಗ್ ಲೇಟಾಗಿ ಶುರು ಮಾಡಿದ್ವಿ, ಊರಲ್ಲಿ ಕೋಚಿಂಗ್ ಇರಲಿಲ್ಲ ಅಂತ ಮಾತಾಡ್ಕೊಳ್ತಾರೆ. ಅದು ಸುಳ್ಳಲ್ಲ. ರಹೀಮ್ ಸಾಬ್ ಕೂಡ ತಮ್ಮ ಹುಡುಗರು ಕುಳ್ಳಗಿಲ್ಲ ಅಂತ ಸುಳ್ಳು ಹೇಳಲಿಲ್ಲ. ಕುಳ್ಳಗಿದ್ದಾರೆ ಅಂತ ಮೊದಲು ಬರೆದುಕೊಂಡು, ಹಾಗಾದ್ರೆ ಚೆಂಡು ನೆಲದ ಮೇಲೆ ಓಡಲಿ ಅಂತ ಮುಂದಿನ ಸಾಲು ಬರೆದರು. ಮುಂದಿನ ಇಂಟರ್‌ಬ್ರಾಂಚ್ ಟೂರ್ನಮೆಂಟ್‌ಗೆ ಮುಂಚೆ ಯಾರಾದ್ರೂ ಒಂದು ಸಂಜೆ ನಮ್ಮ ಗ್ರೌಂಡ್‌ನಲ್ಲಿ ದುರ್ಬಲ ಕಾಲಿನ ಮ್ಯಾಚ್ ಇಡಿ. ಮೊದಲ ಹತ್ತು ನಿಮಿಷ ಎಲ್ಲರೂ ನಗ್ತಾರೆ, ಚೆಂಡು ಎಲ್ಲೆಲ್ಲೋ ಹೋಗುತ್ತೆ. ಅರ್ಧ ಗಂಟೆ ಆದ ಮೇಲೆ ನೋಡಿ.